ಪ್ರೋಗ್ರಾಮಿಗೂ ಒಂದು ಪರೀಕ್ಷೆ

ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗನೋ ಸೊಸೆಯೋ ಇಲ್ಲದ ಮನೆ ಇಂದು ಬೆಂಗಳೂರಿನ ಬಡಾವಣೆಗಳಲ್ಲಿ ಅಪರೂಪ. ರಾತ್ರಿ ಹತ್ತು ಗಂಟೆಯಾದರೂ ಲ್ಯಾಪ್‌ಟಾಪಿನ ಮುಂದಿನಿಂದ ಮೇಲೇಳದ ಮಗನನ್ನು ತಾಯಿ, “ಊಟಕ್ಕೆ ಏಳಪ್ಪ, ಇನ್ನೂ ಏನು ಕೆಲಸ?” ಎಂದು ಕೇಳುತ್ತಾಳೆ. “ಟೆಸ್ಟ್ ಬರೀತಾ ಇದೀನಮ್ಮಾ” ಎಂದು ಉತ್ತರ ಬರುತ್ತದೆ. ಓದು ಮುಗಿದು ಐದು ವರ್ಷವಾಯಿತು, ಇವನಿಗೆ ಇನ್ನೂ ಯಾವ ಪರೀಕ್ಷೆ ಎಂದು ಆಕೆ ಬೆರಗಾಗುವುದು ಸಹಜವೇ. ಪರೀಕ್ಷೆಯನ್ನು ಬರೆಯುತ್ತಿರುವವನು ಮಗ. ಪರೀಕ್ಷೆಗೆ ಕುಳಿತಿರುವುದು ಅವನು ಹಗಲೆಲ್ಲ ಕುಳಿತು ಬರೆದ ಪ್ರೋಗ್ರಾಮು.

ಆ ವೃತ್ತಿಯವರು ಇದನ್ನು ಯೂನಿಟ್ ಟೆಸ್ಟ್ ಎಂದು ಕರೆಯುತ್ತಾರೆ. ದೊಡ್ಡ ಪ್ರೋಗ್ರಾಮನ್ನು ಬಿಡಿಬಿಡಿಯಾದ ಸಣ್ಣ ಭಾಗಗಳಿಂದ ಕಟ್ಟಿರುತ್ತಾರಷ್ಟೆ. ಅಂಥ ಒಂದು ಭಾಗವನ್ನು ಬೇರೆಯಾಗಿ ಎತ್ತಿಕೊಂಡು, ‘ನಿನಗೆ ಇದನ್ನು ಕೊಟ್ಟರೆ ನೀನು ಇದನ್ನೇ ಹಿಂದಿರುಗಿಸತಕ್ಕದ್ದು’ ಎಂದು ವಿಚಾರಿಸುವುದೇ ಯೂನಿಟ್ ಟೆಸ್ಟ್. ವಿಚಾರಿಸುವ ಕೆಲಸವನ್ನು ಮಾಡುವುದೂ ಒಂದು ಪುಟ್ಟ ಪ್ರೋಗ್ರಾಮೇ. ಹೀಗೆ ಬರೆದಿಟ್ಟ ನೂರಾರು ಪ್ರಶ್ನೆಗಳನ್ನು ತಾನಾಗಿ ಹುಡುಕಿ ತೆಗೆದು, ಒಂದೊಂದಾಗಿ ಓಡಿಸಿ, ಪಾಸಾದವೆಷ್ಟು ನಪಾಸಾದವೆಷ್ಟು ಎಂದು ಪಟ್ಟಿ ಒಪ್ಪಿಸುವ ಸಾಧನಕ್ಕೆ ಟೆಸ್ಟಿಂಗ್ ಫ್ರೇಮ್‌ವರ್ಕ್ ಎಂದು ಹೆಸರು. ನಮ್ಮ ಕಾಲೇಜುಗಳ ಭಾಷೆಯಲ್ಲಿ ಹೇಳುವುದಾದರೆ, ಅದು ಅಂಕಪಟ್ಟಿ ಬರೆಯುವ ಗುಮಾಸ್ತ. ಪ್ರಶ್ನೆಯನ್ನೂ ಸರಿಯುತ್ತರವನ್ನೂ ಬರೆದುಕೊಡಬೇಕಾದವರು ನಾವು. ಗುಮಾಸ್ತ ಎಷ್ಟೇ ನಿಷ್ಠಾವಂತನಾಗಿರಲಿ, ಸರಿಯುತ್ತರ ಯಾವುದೆಂಬುದು ಅವನಿಗೆ ತಿಳಿಯದು. ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಕನ್ನಡ ಪಾಠ ಹೇಳುವವನಿಗೆ ಇದರ ಗೊಡವೆ ಏಕೆ? ಕಾರಣವುಂಟು. ಛಂದಸ್ಸಿನ ಪಾಠದಲ್ಲಿ ಲಘು ಗುರುಗಳನ್ನು ಗುರುತಿಸಿ ಮಾತ್ರೆ ಎಣಿಸುವ ಪದ್ಧತಿ ನಮ್ಮಲ್ಲಿ ಬಹು ಹಳೆಯದು. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯೇ ನಮಗೆ ದೊರೆತಿದೆ. ನಿಯಮಗಳು ಸ್ಪಷ್ಟ, ಸರಿಯುತ್ತರವನ್ನು ಕರಿಹಲಗೆಯ ಮೇಲೆ ಯಾರಾದರೂ ಎಣಿಸಿ ನೋಡಬಹುದು. ಹೊಸದಾಗಿ ಪರೀಕ್ಷೆ ಬರೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಕ್ಕಲಾರದೆಂದು ನನ್ನ ಎಣಿಕೆ. (ಮಾತ್ರೆಯೆಂದರೆ ಇಲ್ಲಿ ಔಷಧದಂಗಡಿಯದಲ್ಲ, ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲ.) ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಅನುಸ್ವಾರ ವಿಸರ್ಗಗಳಿಂದ ಕೂಡಿದುದು ಗುರು, ಮುಂದೆ ಒತ್ತಕ್ಷರ ಬಂದರೆ ಅದರ ಹಿಂದಿನದು ಗುರು. ಕಮಲ ಎಂದರೆ ಮೂರು ಲಘು, ಮೂರು ಮಾತ್ರೆ. ಕನ್ನಡ ಎಂಬಲ್ಲಿ ‘ನ್ನ’ದ ಹಿಂದಿನ ‘ಕ’ ಗುರುವಾಗುವುದರಿಂದ ನಾಲ್ಕು ಮಾತ್ರೆ.

ಗಣಕಯಂತ್ರಕ್ಕೆ ಇದಾವುದೂ ಗೊತ್ತಿಲ್ಲ. 1991ರಲ್ಲಿ ಹೊರಬಂದ ಯೂನಿಕೋಡ್ ಸಂಕೇತಮಾಲೆಯ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿಯನ್ನು ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ‘ಕನ್ನಡ’ ಎಂಬ ಪದಕ್ಕೆ ಐದು ಸಂಕೇತಗಳು: ಕ, ನ, ಸ್ವರವಿಲ್ಲವೆಂದು ತಿಳಿಸುವ ವಿರಾಮ ಚಿಹ್ನೆ, ಮತ್ತೊಂದು ನ, ಡ. ‘ಇದರ ಉದ್ದವೆಷ್ಟು?’ ಎಂದು ಕೇಳಿದರೆ ಪೈಥಾನ್ ಭಾಷೆ ಐದು ಎಂದೀತು. ನಮ್ಮ ಕಣ್ಣಿಗೆ ಅಕ್ಷರ ಮೂರು. ಕಿವಿಗೆ ಮಾತ್ರೆ ನಾಲ್ಕು. ಕಣ್ಣು, ಕಿವಿ, ಯಂತ್ರ ಈ ಮೂವರೂ ಒಪ್ಪದಿರುವ ಕಡೆ ಪ್ರೋಗ್ರಾಮು ಬರೆಯುವುದೆಂದರೆ ಎಚ್ಚರ ಬೇಕು.

ಪೈಥಾನಿನೊಡನೆ ‘ಯೂನಿಟ್‌ಟೆಸ್ಟ್’ ಎಂಬ ಫ್ರೇಮ್‌ವರ್ಕ್ 2001ರಿಂದಲೂ ಜೊತೆಯಲ್ಲೇ ಬರುತ್ತಿದೆ. ಆದರೆ ಆರಂಭಿಸುವವರಿಗೆ ಪೈಟೆಸ್ಟ್ ಎಂಬುದು ಹೆಚ್ಚು ಸುಲಭ, ವಿಧಿವಿಧಾನ ಕಡಮೆ. ಅದನ್ನು ಬೇರೆಯಾಗಿ ತರಿಸಿಕೊಳ್ಳಬೇಕು. ಕಪ್ಪು ಪರದೆಯ ಕಿಟಕಿಯಲ್ಲಿ ‘ಪಿಪ್ ಇನ್‌ಸ್ಟಾಲ್ ಪೈಟೆಸ್ಟ್’ ಎಂಬ ಮೂರು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಟೈಪು ಮಾಡಿದರೆ ಬಂದು ಕುಳಿತುಕೊಳ್ಳುತ್ತದೆ. ಅನಂತರ ಒಂದು ಕಡತವನ್ನು ತೆರೆದು, ಅದರ ಹೆಸರು ‘ಟೆಸ್ಟ್’ ಎಂದೂ ಒಂದು ಅಡಿಗೆರೆಯಿಂದಲೂ ಆರಂಭವಾಗುವಂತೆ ನೋಡಿಕೊಳ್ಳಬೇಕು. ಅದರೊಳಗೆ ಬರೆಯುವ ಪ್ರತಿಯೊಂದು ಫಂಕ್ಷನ್ನಿನ ಹೆಸರೂ ಹಾಗೆಯೇ ‘ಟೆಸ್ಟ್’ ಎಂದು ಮೊದಲಾಗಬೇಕು. ಹಣೆಯ ಮೇಲಿನ ಈ ನಾಮವನ್ನು ನೋಡಿಯೇ ಪೈಟೆಸ್ಟ್ ತನ್ನವರನ್ನು ಗುರುತಿಸುತ್ತದೆ. ನಾಮವಿಲ್ಲದವರನ್ನು ಕಣ್ಣೆತ್ತಿಯೂ ನೋಡದು. ‘ಬರೆದ ಟೆಸ್ಟ್ ಓಡುತ್ತಲೇ ಇಲ್ಲ’ ಎಂದು ತಲೆ ಚಚ್ಚಿಕೊಳ್ಳುವ ಹೊಸಬರು ಮೊದಲು ಹೆಸರನ್ನು ನೋಡಬೇಕು. ಫಂಕ್ಷನ್ನಿನ ಒಳಗೆ ಇಷ್ಟೇ:

ಅಸರ್ಟ್ ಮಾತ್ರೆ("ಕನ್ನಡ") == 4

ಅಸರ್ಟ್ ಎಂದರೆ ‘ಇದು ನಿಶ್ಚಯ’ ಎಂದು ಸಾರುವುದು. ಅದೊಂದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಲೇಬೇಕು. ಆದರೆ ‘ಮಾತ್ರೆ’ ಎಂಬ ಫಂಕ್ಷನ್ನಿನ ಹೆಸರನ್ನು ಕನ್ನಡ ಅಕ್ಷರಗಳಲ್ಲೇ ಇಡಬಹುದು. ಪೈಥಾನಿನ ಮೂರನೆಯ ಆವೃತ್ತಿ ಅದಕ್ಕೆ ಅಡ್ಡಿ ಮಾಡುವುದಿಲ್ಲವೆಂಬುದು ಬಹುಮಂದಿಗೆ ತಿಳಿಯದು.

ಈ ವಿದ್ಯೆಯ ಹುಟ್ಟಿನ ಕತೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಕೆಂಟ್ ಬೆಕ್ ಎಂಬ ಪ್ರೋಗ್ರಾಮುಗಾರ 1994ರಲ್ಲಿ ಸ್ಮಾಲ್‌ಟಾಕ್ ಎಂಬ ಭಾಷೆಗಾಗಿ ಇಂಥ ಒಂದು ಚಿಕ್ಕ ಚೌಕಟ್ಟಿನ ಕ್ರಮವನ್ನು ಪ್ರಕಟಿಸಿದ. 1997ರಲ್ಲಿ ಅವನೂ ಸ್ವಿಟ್ಜರ್ಲೆಂಡಿನ ಎರಿಕ್ ಗಾಮಾ ಎಂಬವನೂ ಅಟ್ಲಾಂಟಾದ ಸಮ್ಮೇಳನವೊಂದಕ್ಕೆ ಜ್ಯೂರಿಕ್‌ನಿಂದ ವಿಮಾನದಲ್ಲಿ ಹೊರಟಿದ್ದರು. ದೀರ್ಘ ಪ್ರಯಾಣ, ನಾವಾದರೆ ನಿದ್ದೆ ಮಾಡುತ್ತಿದ್ದೆವು. ಅವರು ಜೊತೆಯಲ್ಲಿ ಕುಳಿತು ಅದೇ ಚೌಕಟ್ಟನ್ನು ಜಾವಾ ಭಾಷೆಗೆ ತಂದರು. ಜೆಯೂನಿಟ್ ಎಂದು ಲೋಕಪ್ರಸಿದ್ಧವಾದುದು ಅದು. ಪೈಥಾನಿನ ಯೂನಿಟ್‌ಟೆಸ್ಟ್ ಅದರ ವಂಶದ್ದೇ. ಪರೀಕ್ಷೆಯನ್ನು ಮೊದಲು ಬರೆದು, ಅದು ನಪಾಸಾಗುವುದನ್ನು ಕಣ್ಣಾರೆ ಕಂಡು, ಆಮೇಲೆ ಪ್ರೋಗ್ರಾಮು ಬರೆಯಬೇಕೆಂಬ ಕ್ರಮವನ್ನು ಬೆಕ್ 2002ರಲ್ಲಿ ಒಂದು ಪುಸ್ತಕದಲ್ಲಿ ವಿವರಿಸಿದ. ಆದರೂ ಇದು ತನ್ನ ಹೊಸ ಶೋಧವಲ್ಲ, ಮರುಶೋಧ ಮಾತ್ರ ಎಂದು ಅವನೇ ಹೇಳಿದ್ದಾನೆ. ಬರಬೇಕಾದ ಉತ್ತರದ ಟೇಪನ್ನು ಕೈಯಿಂದ ಮೊದಲೇ ಸಿದ್ಧಪಡಿಸಿಕೊಂಡು, ಯಂತ್ರ ಹೊರಡಿಸುವ ಟೇಪು ಅದರೊಡನೆ ಹೊಂದುವವರೆಗೂ ಪ್ರೋಗ್ರಾಮನ್ನು ತಿದ್ದುತ್ತಿರಬೇಕೆಂದು ಬಹಳ ಹಳೆಯ ಪುಸ್ತಕವೊಂದರಲ್ಲಿ ಅವನು ಓದಿದ್ದನಂತೆ.

ಈಗ ನಮ್ಮ ಮಾತ್ರೆಗೆ ಬರೋಣ. ಯಾರಾದರೂ ಮೊದಲಿಗೆ ಬರೆಯಬಹುದಾದ ಸರಳ ಪ್ರೋಗ್ರಾಮು ಹೀಗಿರುತ್ತದೆ: ಪ್ರತಿಯೊಂದು ವ್ಯಂಜನಕ್ಕೂ ಹ್ರಸ್ವಸ್ವರಕ್ಕೂ ಒಂದು ಮಾತ್ರೆ, ದೀರ್ಘಸ್ವರಕ್ಕೆ ಎರಡು, ದೀರ್ಘದ ಚಿಹ್ನೆ ಕಂಡರೆ ಇನ್ನೊಂದು ಸೇರಿಸು, ಅನುಸ್ವಾರ ವಿಸರ್ಗಗಳಿಗೂ ಒಂದೊಂದು ಸೇರಿಸು. ಇದಕ್ಕೆ ಆರು ಪರೀಕ್ಷೆಗಳನ್ನು ಒಡ್ಡೋಣ. ಕಮಲ ಮೂರು, ರಾಮ ಮೂರು, ಹಂಸ ಮೂರು, ದುಃಖ ಮೂರು, ಕನ್ನಡ ನಾಲ್ಕು, ಕರ್ನಾಟಕ ಆರು. ‘ಪೈಟೆಸ್ಟ್’ ಎಂದು ಟೈಪು ಮಾಡಿ ಗುಂಡಿಯೊತ್ತಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ಸಾಲಾಗಿ ಆರು ಚುಕ್ಕೆಗಳು. ಕೆಳಗೆ ಹಸುರು ಬಣ್ಣದಲ್ಲಿ ‘6 ಪಾಸ್’. ಒಂದು ಚುಕ್ಕೆಯೆಂದರೆ ಒಂದು ಪರೀಕ್ಷೆ ಪಾಸಾಯಿತೆಂದು ಅರ್ಥ.

ಇಲ್ಲಿಗೆ ಕೆಲಸ ಮುಗಿಯಿತೆಂದು ಎದ್ದು ಹೋಗುವವರೇ ಹೆಚ್ಚು. ಆದರೆ ಛಂದಸ್ಸು ಬಲ್ಲವರು ಹುಬ್ಬು ಗಂಟಿಕ್ಕಬೇಕು. ಒತ್ತಕ್ಷರದ ಹಿಂದಿನದು ಗುರುವೆಂಬ ನಿಯಮವನ್ನು ಈ ಪ್ರೋಗ್ರಾಮಿಗೆ ಯಾರೂ ಹೇಳಿಯೇ ಇಲ್ಲ! ಹಾಗಿದ್ದರೂ ‘ಕನ್ನಡ’ಕ್ಕೆ ನಾಲ್ಕು ಹೇಗೆ ಬಂದಿತು? ಕ, ನ, ನ, ಡ ಎಂದು ನಾಲ್ಕು ವ್ಯಂಜನಗಳನ್ನು ಅದು ಎಣಿಸಿತು, ಅಷ್ಟೆ. ಗುರುವಾದ ‘ಕ’ಕ್ಕೆ ಸಲ್ಲಬೇಕಾದ ಹೆಚ್ಚಿನ ಮಾತ್ರೆ ಸ್ವರವಿಲ್ಲದ ‘ನ್’ಕಾರದ ಲೆಕ್ಕದಲ್ಲಿ ಜಮಾ ಆಗಿ, ಮೊತ್ತ ಸರಿಹೋಯಿತು. ಕ್ರಮ ತಪ್ಪಿದ್ದರೂ ಉತ್ತರ ಸರಿಬಂದಿರುವ ಲೆಕ್ಕವನ್ನು ಗಣಿತದ ಮೇಷ್ಟ್ರುಗಳು ಚೆನ್ನಾಗಿ ಬಲ್ಲರು.

ಆದ್ದರಿಂದ ಇನ್ನು ಮೂರು ಪದಗಳನ್ನು ಕೇಳೋಣ. ಪ್ರಭು, ಚಂದ್ರ, ರಾಷ್ಟ್ರ. ‘ಪ್ರಭು’ವಿನಲ್ಲಿ ಒತ್ತಕ್ಷರವೇ ಮೊದಲು ಬಂದಿದೆ, ಅದರ ಹಿಂದೆ ಗುರುವಾಗಲು ಯಾರೂ ಇಲ್ಲ, ಎರಡೇ ಮಾತ್ರೆ. ‘ಚಂ’, ‘ರಾ’ಗಳು ತಾವಾಗಿಯೇ ಗುರುಗಳು, ಮುಂದೆ ಒತ್ತು ಬಂದಿತೆಂದು ಮೂರು ಮಾತ್ರೆಯ ಮಹಾಗುರುಗಳಾಗುವುದಿಲ್ಲ. ಆದುದರಿಂದ ಎರಡಕ್ಕೂ ಮೂರು ಮೂರು. ಪೈಟೆಸ್ಟ್ ಓಡಿಸಿದರೆ ಆರು ಚುಕ್ಕೆಗಳ ಮುಂದೆ ಮೂರು ಕೆಂಪು ‘ಎಫ್’ಗಳು. ‘ಪ್ರಭು’ವಿಗೆ ಎರಡು ಬರಬೇಕಾದಲ್ಲಿ ಮೂರು, ‘ಚಂದ್ರ’ಕ್ಕೆ ನಾಲ್ಕು, ‘ರಾಷ್ಟ್ರ’ಕ್ಕೆ ಐದು! ಸುಮ್ಮನೆ ನಪಾಸೆಂದು ಹೇಳಿ ಪೈಟೆಸ್ಟ್ ಕೈತೊಳೆದುಕೊಳ್ಳುವುದಿಲ್ಲ. ಬಂದ ಉತ್ತರವಿಷ್ಟು, ಬೇಕಾದುದಿಷ್ಟು, ಬಂದದ್ದು ಇಂಥ ಪದದಿಂದ ಎಂದು ಸಾಲು ಸಾಲಾಗಿ ಬಿಡಿಸಿ ಹೇಳುತ್ತದೆ. ಕೆಂಪು ಅಕ್ಷರ ಕಂಡೊಡನೆ ಎದೆಗುಂದುವ ಹುಡುಗರು ಅದನ್ನು ಪೂರ್ತಿ ಓದುವುದೇ ಇಲ್ಲ, ಓದಬೇಕು.

ಆರು ಪದಗಳಿಗೆ ಸರಿಹೋದುದು ಏಳನೆಯದಕ್ಕೆ ತಪ್ಪಿದರೆ ನಮಗೆ ನಷ್ಟವಾಗುವುದು ಒಂದು ಮಾತ್ರೆ. ಬೇರೆ ಕಡೆ ಇದೇ ಬಗೆಯ ತಪ್ಪಿಗೆ ತೆತ್ತ ಬೆಲೆ ಬೇರೆ. 1996ರ ಜೂನ್ 4ರಂದು ಐರೋಪ್ಯರ ಅರಿಯಾನ್-5 ಎಂಬ ರಾಕೆಟ್ಟು ದಕ್ಷಿಣ ಅಮೆರಿಕದ ಕೂರೂ ನೆಲೆಯಿಂದ ತನ್ನ ಮೊದಲ ಯಾನಕ್ಕೆ ಹೊರಟಿತು. ಅದರ ದಿಕ್ಕನ್ನು ಅಳೆಯುವ ಯಂತ್ರದಲ್ಲಿದ್ದ ಪ್ರೋಗ್ರಾಮು ಹಿಂದಿನ ಅರಿಯಾನ್-4ರಿಂದ ಬಂದುದು. ಅಲ್ಲಿ ನಿರ್ವಿಘ್ನವಾಗಿ ನಡೆದಿದ್ದುದು. 64 ಬಿಟ್ಟುಗಳ ಒಂದು ಸಂಖ್ಯೆಯನ್ನು ಅದು 16 ಬಿಟ್ಟುಗಳ ಪಾತ್ರೆಗೆ ಸುರಿಯುತ್ತಿತ್ತು. ಆ ಪಾತ್ರೆಯಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದು. ಹಳೆಯ ರಾಕೆಟ್ಟಿನ ವೇಗಕ್ಕೆ ಅಷ್ಟು ಸಾಕಾಗಿದ್ದಿತು. ಹೊಸದರ ವೇಗಕ್ಕೆ ಪಾತ್ರೆ ಉಕ್ಕಿತು. ಮುಖ್ಯ ಯಂತ್ರವೂ ಅದಕ್ಕೆ ಬದಲಿಯಾಗಿ ಇಟ್ಟಿದ್ದ ಯಂತ್ರವೂ ಒಂದೇ ಪ್ರೋಗ್ರಾಮಿನಿಂದ ನಡೆಯುತ್ತಿದ್ದುದರಿಂದ ಎರಡೂ ಒಂದೇ ರೀತಿಯಲ್ಲಿ ಕೈಬಿಟ್ಟವು. ಹೊರಟ ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟು ದಾರಿ ತಪ್ಪಿ ಆಕಾಶದಲ್ಲೇ ಚೂರಾಯಿತು. ಹೊಸ ರಾಕೆಟ್ಟಿನ ಪಥದ ಅಂಕಿಗಳನ್ನು ಕೊಟ್ಟು ಆ ಯಂತ್ರವನ್ನು ಪರೀಕ್ಷಿಸಿಯೇ ಇರಲಿಲ್ಲವೆಂಬುದನ್ನು ತನಿಖಾ ಸಮಿತಿ ಎತ್ತಿ ತೋರಿಸಿತು. ಹಳೆಯ ಆರು ಪದಗಳನ್ನೇ ನಂಬಿ ಏಳನೆಯದನ್ನು ಕೇಳದೆ ಬಿಟ್ಟಂತೆ.

ಇರಲಿ, ನಮ್ಮ ಮೂರು ‘ಎಫ್’ಗಳನ್ನು ಕಳೆಯಬೇಕಲ್ಲ. ಆತುರದ ಬುದ್ಧಿಗೆ ತಟ್ಟನೆ ಹೊಳೆಯುವ ಉಪಾಯ ಇದು: ಸ್ವರವಿಲ್ಲದ ವ್ಯಂಜನಗಳನ್ನು ಎಣಿಸುವುದರಿಂದಲೇ ಈ ತೊಂದರೆ, ಅವನ್ನು ಲೆಕ್ಕದಿಂದ ಬಿಟ್ಟುಬಿಡು. ಒಂದು ಸಾಲು ತಿದ್ದಿದರೆ ಆಯಿತು. ಪ್ರಭು ಎರಡು, ಚಂದ್ರ ಮೂರು, ರಾಷ್ಟ್ರ ಮೂರು, ಮೂರೂ ಸರಿ! ಪರೀಕ್ಷೆಗಳನ್ನು ಬರೆದಿಡದವನು ಈ ಮೂರು ಪದಗಳನ್ನು ಕೈಯಿಂದ ಟೈಪು ಮಾಡಿ ನೋಡಿ, ಸಂತೋಷಪಟ್ಟು, ದೀಪವಾರಿಸಿ ಮಲಗಿಬಿಡುತ್ತಿದ್ದ. ನಿನ್ನೆ ಸರಿಯಾಗಿದ್ದ ‘ಕನ್ನಡ’ವನ್ನು ಮತ್ತೆ ಕೇಳಬೇಕೆಂದು ಯಾರಿಗೆ ತೋಚೀತು? ಆದರೆ ಗುಮಾಸ್ತನಿಗೆ ಬೇಸರವೆಂಬುದಿಲ್ಲ. ಒಂಬತ್ತನ್ನೂ ಮತ್ತೆ ಮೊದಲಿನಿಂದ ಓಡಿಸಿ, ಏಳು ಚುಕ್ಕೆ, ಎರಡು ‘ಎಫ್’ ಎಂದು ಒಪ್ಪಿಸುತ್ತಾನೆ. ‘ಕನ್ನಡ’ ನಾಲ್ಕರಿಂದ ಮೂರಕ್ಕಿಳಿದಿದೆ, ‘ಕರ್ನಾಟಕ’ ಆರರಿಂದ ಐದಕ್ಕೆ.

ಯೂನಿಟ್ ಟೆಸ್ಟ್ ಬರೆಯುವುದರ ನಿಜವಾದ ಲಾಭ ಈ ಗಳಿಗೆಯಲ್ಲಿದೆ. ಪ್ರೋಗ್ರಾಮನ್ನು ಬರೆಯುವಾಗ ಆಗುವ ತಪ್ಪು ಹೇಗೋ ಕಣ್ಣಿಗೆ ಬೀಳುತ್ತದೆ. ತಿದ್ದುವಾಗ ಆಗುವ ತಪ್ಪು ಬೀಳುವುದಿಲ್ಲ. ಒಂದು ಮೂಲೆಯಲ್ಲಿ ಸೋರುವುದನ್ನು ನಿಲ್ಲಿಸಲು ಹೆಂಚು ಸರಿಸಿದರೆ ಇನ್ನೊಂದು ಮೂಲೆ ಸೋರುವಂತೆ. ಮನೆಯಾದರೆ ಮಳೆ ಬಂದಾಗ ತಿಳಿಯುತ್ತದೆ. ಬ್ಯಾಂಕಿನ ಲೆಕ್ಕದಲ್ಲೋ ಆಸ್ಪತ್ರೆಯ ಯಂತ್ರದಲ್ಲೋ ಇಂಥದು ನುಸುಳಿದರೆ ಮಳೆಗಾಗಿ ಕಾಯುವುದು ಸಾಧುವಲ್ಲ. ಆದ್ದರಿಂದಲೇ ಕಂಪನಿಗಳಲ್ಲಿ ಯಾರು ಒಂದು ಸಾಲು ತಿದ್ದಿದರೂ ಎಲ್ಲ ಪರೀಕ್ಷೆಗಳೂ ತಾವಾಗಿ ಓಡುವಂತೆ ಏರ್ಪಾಡು ಮಾಡಿರುತ್ತಾರೆ. ತಾಯಿ ಊಟಕ್ಕೆ ಕರೆದಾಗ ಮಗ ಪರದೆಯನ್ನೇ ನೋಡುತ್ತ ಕುಳಿತಿರುವುದು ಆ ಚುಕ್ಕೆಗಳಿಗಾಗಿ ಕಾಯುತ್ತಲೂ ಇರಬಹುದು.

ಸರಿಯಾದ ದಾರಿ ನಾಗವರ್ಮನ ದಾರಿಯೇ. ಸಂಕೇತಗಳನ್ನು ಮೊದಲು ಅಕ್ಷರಗಳಾಗಿ ಕಟ್ಟಿಕೊಂಡು, ಪ್ರತಿ ಅಕ್ಷರಕ್ಕೂ ಒಂದು ಮಾತ್ರೆ ಕೊಟ್ಟು, ಅದು ದೀರ್ಘವಾಗಿದ್ದರೆ, ಅನುಸ್ವಾರ ವಿಸರ್ಗಗಳಿದ್ದರೆ, ಇಲ್ಲವೆ ಮುಂದಿನದು ಒತ್ತಕ್ಷರವಾಗಿದ್ದರೆ ಎರಡು ಮಾತ್ರೆ ಎಂದು ಬರೆದರೆ ಒಂಬತ್ತು ಚುಕ್ಕೆಗಳೂ ಬೀಳುತ್ತವೆ. ಒಂದು ಕಿವಿಮಾತು: ಒಂಬತ್ತು ಅಸರ್ಟುಗಳನ್ನೂ ಒಂದೇ ಫಂಕ್ಷನ್ನಿನಲ್ಲಿ ತುರುಕಬಾರದು. ಮೊದಲನೆಯದು ಎಡವಿದ ಕೂಡಲೆ ಉಳಿದುವು ಓಡದೆ ನಿಲ್ಲುತ್ತವೆ. ‘ಕನ್ನಡ’ದ ಜೊತೆಗೆ ‘ಕರ್ನಾಟಕ’ವೂ ಕೆಟ್ಟಿರುವುದು ತಿಳಿಯುವುದಿಲ್ಲ. ಒಂದು ಪದಕ್ಕೊಂದು ಫಂಕ್ಷನ್ ಬರೆಯುವುದು ಬೇಸರವಾದರೆ, ಪದ ಮತ್ತು ಉತ್ತರದ ಜೋಡಿಗಳನ್ನು ಪಟ್ಟಿಮಾಡಿ ‘ಪ್ಯಾರಮೆಟ್ರೈಜ್’ ಎಂಬ ಗುರುತಿನ ಕೆಳಗೆ ಕೊಟ್ಟರೆ ಒಂದೊಂದು ಜೋಡಿಯನ್ನೂ ಪೈಟೆಸ್ಟ್ ಬೇರೆ ಬೇರೆ ಪರೀಕ್ಷೆಯಾಗಿಯೇ ನಡೆಸುತ್ತದೆ.

ಹತ್ತನೆಯ ಪರೀಕ್ಷೆ ‘ಕೊಡ’. ಇದರಲ್ಲಿ ಕಷ್ಟವೇನಿದೆ, ಎರಡು ಲಘು ಎಂದು ಮಕ್ಕಳೂ ಹೇಳಿಯಾರು. ಆದರೆ ಯೂನಿಕೋಡಿನಲ್ಲಿ ‘ಕೊ’ ಎಂಬುದನ್ನು ಎರಡು ಬಗೆಯಾಗಿ ಬರೆಯಬಹುದು: ಒಕಾರದ ಒಂದೇ ಚಿಹ್ನೆ ಹಾಕಿ, ಇಲ್ಲವೆ ಎಕಾರದ ಚಿಹ್ನೆಯ ಮುಂದೆ ಊಕಾರದ ಚಿಹ್ನೆ ಇಟ್ಟು. ಪರದೆಯ ಮೇಲೆ ಎರಡೂ ಅವಳಿಮಕ್ಕಳು. ಎರಡನೆಯ ಬಗೆಯದು ಕೈಗೆ ಸಿಕ್ಕಿದರೆ ನಮ್ಮ ಪ್ರೋಗ್ರಾಮು ಒಳಗಡಗಿದ ಊಕಾರವನ್ನು ಕಂಡು ದೀರ್ಘವೆಂದು ಬಗೆದು ಮೂರು ಮಾತ್ರೆ ಹೇಳಿಬಿಡುತ್ತದೆ. ಕಣ್ಣಿಗೆ ಭೇದ ತಿಳಿಯದಿರುವುದರಿಂದ ಈ ಪರೀಕ್ಷೆಯಲ್ಲಿ ಪದವನ್ನು ಅದರ ಸಂಕೇತ ಸಂಖ್ಯೆಗಳಿಂದಲೇ ಬರೆಯುವುದು ಕ್ಷೇಮ. ಪರಿಹಾರ ಸುಲಭ: ಪದವನ್ನು ಎಣಿಸುವ ಮೊದಲು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದುಕೊಳ್ಳಬೇಕು, ಅದಕ್ಕೆ ಬೇಕಾದ ಸಲಕರಣೆ ಪೈಥಾನಿನಲ್ಲೇ ಇದೆ.

ಹಾಗಾದರೆ ಚುಕ್ಕೆಗಳೆಲ್ಲ ಬಿದ್ದರೆ ಪ್ರೋಗ್ರಾಮು ನಿರ್ದೋಷಿಯೇ? ಪರೀಕ್ಷೆಯಿಂದ ದೋಷವಿರುವುದನ್ನು ತೋರಿಸಬಹುದಲ್ಲದೆ ಇಲ್ಲವೆಂಬುದನ್ನು ಸಾಧಿಸಲಾಗದೆಂದು ಡಚ್ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರಾ 1969ರಲ್ಲೇ ಎಚ್ಚರಿಸಿದ್ದನು. ಬಿಡಿಭಾಗಗಳೆಲ್ಲ ಸರಿಯಾಗಿದ್ದು ಕೂಡುವಾಗ ಕೆಡುವುದೂ ಉಂಟು. ‘ರಾಜ’ಕ್ಕೆ ಮೂರು ಮಾತ್ರೆ, ‘ಪ್ರಭು’ವಿಗೆ ಎರಡು, ಎರಡು ಪರೀಕ್ಷೆಗಳೂ ಪಾಸು. ಸಮಾಸ ಮಾಡಿದ ‘ರಾಜಪ್ರಭು’ವಿಗೆ ಐದಲ್ಲ, ಆರು! ‘ಪ್ರ’ದ ದೆಸೆಯಿಂದ ‘ಜ’ ಗುರುವಾಯಿತು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ ಇರಬೇಕೆಂದು ಪದಪದವಾಗಿ ಕತ್ತರಿಸಿ ಎಣಿಸಿ ಕೂಡಿಸಿದರೆ ಎಷ್ಟೋ ಕಡೆ ಕುಮಾರವ್ಯಾಸನೇ ತಪ್ಪಿದನೆಂದು ಯಂತ್ರ ತೀರ್ಪು ಕೊಟ್ಟೀತು. 1999ರಲ್ಲಿ ಮಂಗಳಗ್ರಹವನ್ನು ಸುತ್ತಲು ಹೋದ ಅಮೆರಿಕದ ನೌಕೆಯೊಂದು ನಷ್ಟವಾದುದು ಕೂಡುವ ಜಾಗದ ಇಂಥದೇ ತಪ್ಪಿನಿಂದ. ಒಂದು ಪ್ರೋಗ್ರಾಮು ಪೌಂಡಿನ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಮಾನದ್ದೆಂದು ತೆಗೆದುಕೊಂಡಿತು. ಆದುದರಿಂದ ಹನ್ನೊಂದನೆಯ ಪರೀಕ್ಷೆ ‘ರಾಜಪ್ರಭು’, ಆರು ಮಾತ್ರೆ.

ಹನ್ನೆರಡನೆಯದನ್ನು ಬರೆಯುವಾಗ ಲೇಖನಿ ತಡೆಯುತ್ತದೆ. ಹಳಗನ್ನಡದ ‘ಅಮರ್ದು’ ಎಂಬ ಪದಕ್ಕೆ ಮಾತ್ರೆ ಎಷ್ಟು? ಸಾಮಾನ್ಯ ನಿಯಮದಂತೆ ‘ಮ’ ಗುರು, ಒಟ್ಟು ನಾಲ್ಕು. ಆದರೆ ಇಂಥ ಕಡೆ ಒತ್ತನ್ನು ತೇಲಿಸಿ ಉಚ್ಚರಿಸಿ, ಹಿಂದಿನ ಅಕ್ಷರವನ್ನು ಲಘುವಾಗಿಯೇ ಉಳಿಸುವ ಶಿಥಿಲದ್ವಿತ್ವವೆಂಬ ಸಂಪ್ರದಾಯ ನಮ್ಮ ಕವಿಗಳಲ್ಲಿತ್ತು. ಹದಿಮೂರನೆಯ ಶತಮಾನದ ಕೇಶಿರಾಜ ಅದನ್ನು ವಿವರಿಸಿದ್ದಾನೆ. ಆಗ ಮೂರೇ ಮಾತ್ರೆ. ಯಾವುದು ಸರಿಯೆಂಬುದನ್ನು ಪದ್ಯದ ನಡಿಗೆ ಹೇಳಬೇಕು, ಓದುವ ಕಿವಿ ಕೇಳಬೇಕು. ಇಂಥ ಕಡೆಗಾಗಿ ಪೈಟೆಸ್ಟಿನಲ್ಲಿ ‘ಎಕ್ಸ್‌ಫೇಲ್’ ಎಂಬ ಗುರುತುಂಟು. ‘ಈ ಪರೀಕ್ಷೆ ಸದ್ಯಕ್ಕೆ ನಪಾಸಾಗುವುದೆಂದು ಬಲ್ಲೆವು’ ಎಂದು ಅದರ ಅರ್ಥ. ಮೂರು ಮಾತ್ರೆ ಎಂದು ಬರೆದು, ಆ ಗುರುತು ಹಚ್ಚಿ, ಕಾರಣ ಕೊಡುವ ಜಾಗದಲ್ಲಿ ‘ಶಿಥಿಲದ್ವಿತ್ವ, ಪದ್ಯ ನೋಡಿ ನಿರ್ಧರಿಸತಕ್ಕದ್ದು’ ಎಂದು ಕನ್ನಡದಲ್ಲೇ ತುಂಬಬಹುದು. ಆಮೇಲೆ ಓಡಿಸಿದರೆ ಹನ್ನೊಂದು ಹಸುರು ಚುಕ್ಕೆಗಳು ಬೀಳುತ್ತವೆ; ಅವುಗಳ ಪಕ್ಕದಲ್ಲಿ ಹಳದಿ ಬಣ್ಣದ ಒಂದು ಸಣ್ಣ ‘ಎಕ್ಸ್’.